ಜ್ವರ ಇಲ್ಲದ ಬಾಣಂತಿ

ನನಗೆ ಈಗಲೂ ಒಂದು ಕಡೆ ಕೂತಿರಲು ಆಗುವುದಿಲ್ಲ. ಮದುವೆಗೆ ಹೋದರೆ ಊಟದ ಪಂಕ್ತಿ ಬಿಟ್ಟು, ಮೂಲೆಯಲ್ಲಿ ಹಸಿಗೂಸು ಹಿಡಿದು ಕೂತ ಹುಡುಗಿಯ ಮುಖ ನೋಡುತ್ತ ನಿಂತುಬಿಡುತ್ತೇನೆ. ಕೂಸನ್ನು ನೋಡುತ್ತಿದ್ದಾಳೋ, ಗೋಡೆ ನೋಡುತ್ತಿದ್ದಾಳೋ? ನಿದ್ದೆ ಮಾಡಿದ್ದಾಳೋ ಇಲ್ಲವೋ? ನನ್ನ ಮಗ ಬಂದು ಮೊಣಕೈ ಹಿಡಿದು, ನೀ ರಿಟೈರ್ ಆಗಿ ಎಷ್ಟು ವರ್ಷ ಆಯಿತು, ಊಟಕ್ಕೆ ಬಾ ಎಂದು ಎಳೆದೊಯ್ಯುತ್ತಾನೆ. ಹೋಗಿ ಉಣ್ಣುತ್ತೇನೆ. ಏನು ಉಂಡೆ ಎಂದು ಮಾತ್ರ ಕೇಳಬೇಡಿ.

ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದ ಮೂವರು ಹುಡುಗಿಯರು ಹೋದ ತಿಂಗಳು ಮನೆಗೆ ಬಂದು, ನಿಮ್ಮ ಅನುಭವ ಬರೆದು ಕೊಡಿ ಎಂದರು. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾವ ಸಾಹೇಬರು ಹಾರ ಹಾಕಿದರು ಎಂದೆಲ್ಲ ಬರೆಯುವ ತಾಳ್ಮೆ ನನಗಿಲ್ಲ, ಓದುವ ತಾಳ್ಮೆ ನಿಮಗೂ ಇರಲಾರದು. ನಾನು ಮಾಡಿದ ಒಂದು ತಪ್ಪು ಬರೆಯುತ್ತೇನೆ. ಉಳಿದ ನೌಕರಿಯೆಲ್ಲ ಅದರ ಸುತ್ತಲೇ ತಿರುಗಿದೆ.

ನಾನು ಚಿಂಚೋಳಿಯವಳು, ಆಚಾರ್ಯರ ಮನೆಯವಳು. ಗುಡಿಯ ಪೂಜೆ, ಮಡಿ, ಮೈಲಿಗೆ ಎಲ್ಲ ಭಾಳ. ಮೆಟ್ರಿಕ್ ಮುಗಿಸಿ ಹೆರಿಗೆ ಮಾಡಿಸುವ ತರಬೇತಿಗೆ ಹೋಗುತ್ತೇನೆ ಎಂದಾಗ ಅಪ್ಪ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ, ಹೋಗುವುದಾದರೆ ಹೋಗು, ತಿರುಗಿ ಬಂದಾಗ ಹಿತ್ತಲ ಬಾಗಿಲಿಂದ ಬಾ, ಮೈ ತೊಳೆದುಕೊಂಡು ಒಳಗೆ ಬಾ ಎಂದರು. ಹಟಕ್ಕೆ ಬಿದ್ದು ಹೋಗುವಾಗಲೂ ಹಿತ್ತಲ ಬಾಗಿಲಿಂದಲೇ ಹೋದೆ. ನನ್ನ ಬಾಯಿ ಮೊದಲಿನಿಂದಲೂ ಬಿರುಸು. ತರಬೇತಿ ಅದಕ್ಕೆ ಇನ್ನಷ್ಟು ಸಾಣೆ ಹಿಡಿಯಿತು.

ಅದು ಇನ್ನೂ ಮೈಸೂರು ರಾಜ್ಯ ಎನ್ನುತ್ತಿದ್ದ ಕಾಲ. ಶಹಾಬಾದದ ಸುತ್ತಲಿನ ಹಳ್ಳಿಗಳು ನನ್ನ ಪಾಲಿಗೆ ಬಂದವು. ಭಂಕೂರದಲ್ಲಿ ಎರಡು ಖೋಲಿಯ ಬಾಡಿಗೆ ಮನೆ, ಅದೇ ನನ್ನ ಕೇಂದ್ರ. ಹೆಗಲಿಗೆ ಚೀಲ, ಚೀಲದಲ್ಲಿ ಥರ್ಮಾಮೀಟರ್, ಕೂಸನ್ನು ಬಟ್ಟೆಯಲ್ಲಿ ಕಟ್ಟಿ ತೂಗುವ ಕೊಕ್ಕೆಯ ತಕ್ಕಡಿ, ಹೆರಿಗೆಯ ಸಾಮಾನು. ಹಡೆದವಳ ಮನೆಗೆ ಹತ್ತು ದಿನ ಹೋಗಬೇಕು, ಆಮೇಲೆ ಆರನೆಯ ವಾರ ಒಮ್ಮೆ. ಕಾರ್ಡಿನಲ್ಲಿ ಜ್ವರ, ನಾಡಿ, ಸ್ರಾವ, ಮೊಲೆಹಾಲು, ಕೂಸಿನ ಹೊಕ್ಕಳು, ಕೂಸಿನ ತೂಕ ಬರೆಯಬೇಕು. ಎಲ್ಲ ಸರಿ ಇದ್ದರೆ ಕೊನೆಗೆ "ತಾಯಿ ಕ್ಷೇಮ, ಕೂಸು ಕ್ಷೇಮ" ಎಂದು ಸಹಿ ಹಾಕಬೇಕು. ನಮ್ಮ ಮೇಲಿನವರನ್ನು ವಿಜಿಟರ್ ಬಾಯಿ ಎನ್ನುತ್ತಿದ್ದೆವು. ಅವರು ಮೊದಲು ನಮ್ಮ ಉಗುರು ನೋಡುವರು, ಆಮೇಲೆ ಕಾರ್ಡು ನೋಡುವರು. ನನ್ನ ಕಾರ್ಡುಗಳನ್ನು ಬೇರೆಯವರಿಗೆ ತೋರಿಸಿ, ಹೀಗೆ ಬರೆಯಬೇಕು ಎನ್ನುತ್ತಿದ್ದರು. ಅದನ್ನು ಕೇಳಿ ನಾನು ಉಬ್ಬುತ್ತಿದ್ದೆ.

ಆಗ ನನ್ನ ದೊಡ್ಡ ಜಗಳ "ಸನ್ನಿ" ಎಂಬ ಮಾತಿನ ಜೊತೆ ಇತ್ತು. ನಮ್ಮ ಬಿಸಿಲಿನಲ್ಲಿ ಬಾಣಂತಿಯನ್ನು ಕತ್ತಲೆ ಖೋಲಿಯಲ್ಲಿ ಹಾಕಿ, ಪಕ್ಕದಲ್ಲಿ ಕೆಂಡ ಇಟ್ಟು, ಕಿವಿಗೆ ಅರಳೆ ತುರುಕುತ್ತಿದ್ದರು. ನಾನು ಬೆಳಕಿಂಡಿ ತೆರೆದರೆ ಅತ್ತೆ ಬಂದು ಗೋಣಿಚೀಲ ತುರುಕುವಳು. ಗಾಳಿ ಬಡಿದರೆ ಸನ್ನಿ ಆಗುತ್ತದೆ ಎನ್ನುವಳು. ಜ್ವರ ಏರಿ ಬಡಬಡಿಸಿದರೆ ಸನ್ನಿ, ಹಲ್ಲು ಕಚ್ಚಿದರೆ ಸನ್ನಿ, ಸುಮ್ಮನೆ ಕೂತರೂ ಸನ್ನಿ. ನಾನು ಕಲಿತ ಪುಸ್ತಕದಲ್ಲಿ ಒಂದೇ ಮಾತಿತ್ತು: ನಂಜೇರಿದರೆ ಜ್ವರ ಬರುತ್ತದೆ, ಜ್ವರವೇ ಇಲ್ಲದಿದ್ದರೆ ಅಂಜಬೇಕಾಗಿಲ್ಲ. ಥರ್ಮಾಮೀಟರ್ ಹೇಳಿದ್ದೇ ಖರೆ, ಉಳಿದದ್ದೆಲ್ಲ ಮೂಢನಂಬಿಕೆ ಎಂದು ಮನೆಮನೆಯಲ್ಲಿ ಭಾಷಣ ಬಿಗಿಯುತ್ತಿದ್ದೆ.

ನನ್ನ ಜೊತೆ ಊರಿನ ಸೂಲಗಿತ್ತಿ ಇಮಾಂಬಿ ಬರುತ್ತಿದ್ದಳು. ವಯಸ್ಸಾದವಳು. ಬ್ಲೇಡು ಕುದಿಸಬೇಕು ಎಂದು ನಾನು ಕಲಿಸಿದಾಗ ಮರುಮಾತಾಡದೆ ಕಲಿತಳು. ಆದರೆ ಒಂದು ಚಟ ಬಿಡಲಿಲ್ಲ. ಕೆಲಸ ಮುಗಿದರೂ ಏಳುತ್ತಿರಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಬಾಣಂತಿಯ ಪಕ್ಕ ಕೂತು ಹಾಳುಹರಟೆ ಶುರು. ನಿನ್ನ ತಂಗಿ ಲಗ್ನ ಎಲ್ಲಿಗೆ ಬಂತು, ಎಮ್ಮೆ ಈಯಿತೇನು, ರಾತ್ರಿ ಏನು ಕನಸು ಬಿತ್ತು. ನಾನು ಹೊಸ್ತಿಲಲ್ಲಿ ನಿಂತು ಚಡಪಡಿಸುವೆ. "ನಿಮ್ಮ ಕಾಲಾಗ ಚಕ್ರ ಅವ ಏನ್ರಿ ಬಾಯಿ?" ಎಂದು ನಗುವಳು. ಇನ್ನೂ ನಾಲ್ಕು ಮನೆ ಇವೆ ಎಂದು ನಾನು ರೇಗುವೆ.

ಭಂಕೂರದ ನೀಲಮ್ಮ ಎಂಬ ಹುಡುಗಿ ಹಡೆದದ್ದು ಆ ಕಾಲದಲ್ಲೇ. ಅವಳ ಗಂಡ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸುವವನು. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ನೀಲಮ್ಮನಿಗೆ ತಾಯಿ ಇರಲಿಲ್ಲ, ಹಾಗಾಗಿ ಗಂಡನ ಮನೆಯಲ್ಲೇ ಹಡೆದಳು. ಅತ್ತೆ ಕೆಟ್ಟವಳಲ್ಲ, ಅಂಟಿನುಂಡಿ ಮಾಡಿ ತಿನ್ನಿಸಿದಳು. ಹೆಣ್ಣು ಕೂಸು, ಹೆರಿಗೆ ಸಸಾರ ಆಯಿತು.

ಎಂಟನೆಯ ದಿನ ಹೋದಾಗ ನೀಲಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೂಸು ಹೊರಸಿನ ಮೇಲೆ ಒದರುತ್ತಿದೆ. ಅವಳ ಕುಪ್ಪಸವೆಲ್ಲ ಹಾಲಿನಿಂದ ತೊಯ್ದಿದೆ. ಎತ್ತಿಕೊಳ್ಳಲೊಲ್ಲಳು. ಥರ್ಮಾಮೀಟರ್ ಇಟ್ಟೆ, ಜ್ವರ ಇಲ್ಲ. ನಾಡಿ ಸರಿ ಇದೆ. ಏನು ತ್ರಾಸು ಎಂದು ಕೇಳಿದೆ. ಅವಳು ನನ್ನತ್ತ ಹೊರಳಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ, ಇದು ಸನ್ನಿ ಆಗಿದೆ, ತಾಯಿತ ಕಟ್ಟಿಸುತ್ತೇವೆ ಎಂದಳು. ಸನ್ನಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನನ್ನ ಪಿತ್ತ ನೆತ್ತಿಗೇರಿತು.

"ಸನ್ನಿ ಇಲ್ಲ ಗಿನ್ನಿ ಇಲ್ಲ. ಜ್ವರ ಒಂದ್ ಪಾಯಿಂಟೂ ಇಲ್ಲ. ಇದು ಸೋಗು. ಹೆಣ್ಣು ಹುಟ್ಟಿತಂತ ಮಾರಿ ತಿರುವಿ ಮಕ್ಕೊಂಡ್ರ ಕೂಸಿಗಿ ಹಾಲು ಯಾರ್ ಕುಡಸ್ಬೇಕು? ಏಳು ಮೊದಲು."

ನೀಲಮ್ಮ ಎದ್ದಳು. ಕೂಸನ್ನು ಎತ್ತಿಕೊಂಡಳು, ಹಾಲು ಕೊಟ್ಟಳು. ನೋಡಿದೆಯಾ, ಒಂದು ಗದರಿಕೆಗೆ ಸನ್ನಿ ಇಳಿಯಿತು ಎಂದು ಅತ್ತೆಗೆ ಹೇಳಿ ನಾನು ಹೆಮ್ಮೆಪಟ್ಟೆ. ಕಾರ್ಡಿನಲ್ಲಿ ತಾಯಿ ಕ್ಷೇಮ ಎಂದು ಬರೆದೆ. ಹೊರಗೆ ಬಂದ ಮೇಲೆ ಇಮಾಂಬಿ ಮೆಲ್ಲಗೆ ಹೇಳಿದಳು: "ಹಾಲು ಕುಡಸ್ಲಿಕತ್ತಾಳ ಖರೆ ರೀ ಬಾಯಿ. ಕೈ ನೋಡಿದ್ರೇನು? ಕೂಸಿನ ಮೈಗಿ ಕೈ ಹಚ್ಚವಲ್ಲಳು. ಆಕಿ ಅಂಜ್ಯಾಳ." ನಾನು ನಡಿ ನಡಿ ಎಂದೆ.

ಆಮೇಲೆ ಹೋದಾಗಲೆಲ್ಲ ಹೇಗಿದ್ದೀ ಎಂದರೆ ಒಂದೇ ಉತ್ತರ, ಆರಾಮ ಅದೀನ್ರಿ. ಕೂಸಿನ ತೂಕ ಏರುತ್ತಿತ್ತು. ಆರನೆಯ ವಾರ ಕಾರ್ಡು ಮುಗಿಸಿದೆ.

ಅದಾಗಿ ಹದಿನೈದು ದಿನಕ್ಕೆ ಊರಲ್ಲಿ ಬೊಬ್ಬೆ ಎದ್ದಿತು. ಹಳೆಯ ಖಣಿಯೊಂದು ನೀರು ತುಂಬಿ ಹೊಂಡವಾಗಿತ್ತು. ಅದರ ದಂಡೆಯ ಮೇಲೆ ಫರಸಿ ಕಲ್ಲಿನ ಒಟ್ಟಿಲ ಮೇಲೆ ಕೂಸು ಮಲಗಿತ್ತಂತೆ. ಮಧ್ಯಾಹ್ನ ಖಣಿಗೆ ಬುತ್ತಿ ಒಯ್ಯುತ್ತಿದ್ದ ಹೆಂಗಸರು ನೋಡಿ ಎತ್ತಿಕೊಂಡು ಬಂದರು. ನೀಲಮ್ಮ ದೂರದಲ್ಲಿ ಒಂದು ಬೇವಿನ ಗಿಡದ ಕೆಳಗೆ ಕೂತಿದ್ದಳು. ಕರೆದರೆ ಮಾತಿಲ್ಲ. ಹೊಂಡಕ್ಕೆ ಒಗೆಯಲು ಒಯ್ದಿದ್ದಳು, ಕೈ ಬರಲಿಲ್ಲ, ಬಿಟ್ಟು ಹೋದಳು ಎಂದು ಊರು ತೀರ್ಮಾನ ಮಾಡಿತು. ಆ ತೀರ್ಮಾನಕ್ಕೆ ಸಾಕ್ಷಿ ನಾನು. ನರ್ಸಬಾಯಿ ಅವತ್ತೇ ಅಂದಿದ್ದಳಲ್ಲ, ರೋಗವಿಲ್ಲ, ಸೋಗು, ಹೆಣ್ಣು ಬೇಡವಾಗಿದೆ ಅವಳಿಗೆ ಎಂದು.

ಸೇಡಂನಿಂದ ಗಂಡನ ಅಕ್ಕ ಶರಣಮ್ಮ ಬಂದಳು. ಮಕ್ಕಳಿಲ್ಲದವಳು, ಒಳ್ಳೆಯ ಜೀವ. ಕೂಸನ್ನು ಒಯ್ಯಲೇ ಎಂದು ನನ್ನನ್ನು ಕೇಳಿದಳು. ಒಯ್ಯಿ, ಕೂಸು ಬದುಕುತ್ತದೆ ಎಂದೆ. ನೀಲಮ್ಮನನ್ನು ದವಾಖಾನೆಗೆ ತೋರಿಸಿ ಎಂದು ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಎರಡು ವರ್ಷ ಆಕೆ ಊರಲ್ಲಿ ನೆರಳಿನ ಹಾಗೆ ಓಡಾಡಿದಳಂತೆ, ಆಮೇಲೆ ಮೆಲ್ಲಗೆ ಫರಸಿ ತಿಕ್ಕುವ ಕೆಲಸಕ್ಕೆ ಹೋಗತೊಡಗಿದಳು. ನಾನು ಅಷ್ಟರಲ್ಲಿ ವರ್ಗವಾಗಿ ವಾಡಿಗೆ ಹೋಗಿದ್ದೆ. ಮರೆತೂ ಬಿಟ್ಟಿದ್ದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ಖರೆ.

ವಾಡಿಯಿಂದ ಸೇಡಂ. ಅಲ್ಲಿ ಶಾಲೆಯ ಮಕ್ಕಳ ತಪಾಸಣೆಗೆ ಹೋದಾಗ ಒಬ್ಬ ಮಾಸ್ತರರು, ಈ ಹುಡುಗಿಯ ಕಿವಿ ನೋಡಿ, ಕರೆದರೆ ಓ ಎನ್ನುವುದಿಲ್ಲ ಎಂದರು. ಒಂಬತ್ತು ವರ್ಷದ ಹುಡುಗಿ, ಬಾಗಿಲ ಹತ್ತಿರವೇ ಕೂತಿದ್ದಳು. ಕಿವಿ ಚೆನ್ನಾಗಿದ್ದವು. ಆದರೆ ಖೋಲಿಯಲ್ಲಿ ಯಾರು ಎದ್ದರೂ ಅವಳ ಕಣ್ಣು ಅವರ ಬೆನ್ನು ಹತ್ತಿ ಬಾಗಿಲ ತನಕ ಹೋಗುತ್ತಿತ್ತು. ಉಗುರಿನ ಸುತ್ತಲ ಚರ್ಮ ಕಡಿದು ಕಡಿದು ರಕ್ತ ಬಂದಿತ್ತು. ಮನೆಯವರನ್ನು ಕರೆಸಿ ಎಂದೆ. ಬಂದವಳು ಶರಣಮ್ಮ.

ಹುಡುಗಿಯ ಹೆಸರು ಜಗದೇವಿ. ಸಂತೆಗೆ ಹೊರಟರೆ ನನ್ನ ಚಪ್ಪಲಿ ಬಚ್ಚಿಡುತ್ತಾಳೆ, ಬರುವುದು ತಡವಾದರೆ ವಾಂತಿ ಮಾಡಿಕೊಳ್ಳುತ್ತಾಳೆ, ಓಣಿಯ ಮಕ್ಕಳು ಹೊಂಡದ ಹುಡುಗಿ ಎಂದು ಕಾಡುತ್ತಾರೆ ಎಂದು ಶರಣಮ್ಮ ಹೇಳುತ್ತ ಹೋದಳು. ಆಮೇಲೆ ನನ್ನ ಗುರುತು ಹತ್ತಿತು. ಮುಖ ಅರಳಿತು. ನೀವೇ ಅಲ್ಲವೇನ್ರಿ, ಇವಳ ತಾಯಿದು ಸೋಗು ಎಂದವರು, ನೀವು ಹೇಳಿದ್ದಕ್ಕೇ ಈ ಕೂಸು ಉಳಿಯಿತು ಎಂದು ನನ್ನ ಕೈ ಹಿಡಿದಳು. ಹುಡುಗಿ ಪಕ್ಕದಲ್ಲೇ ನಿಂತು ಎಲ್ಲ ಕೇಳುತ್ತಿದ್ದಳು.

ಸೇಡಂ ದವಾಖಾನೆಗೆ ಆಗಷ್ಟೇ ಒಬ್ಬ ಹರೆಯದ ಡಾಕ್ಟರು ಬಂದಿದ್ದರು. ಎಲ್ಲೋ ಮನೋರೋಗದ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಕೆಲಸ ಮಾಡಿದ್ದರಂತೆ. ಬೇರೆ ಯಾವಳೋ ನರ್ಸಿನ ಕಥೆ ಎಂಬಂತೆ ನೀಲಮ್ಮನದನ್ನು ಹೇಳಿದೆ. ಅವರು ಪೂರ್ತಿ ಕೇಳಿ, ಅದು ಹಡೆದ ಮೇಲೆ ಮನಸ್ಸಿಗೆ ಬರುವ ರೋಗ, ಅದಕ್ಕೆ ಜ್ವರ ಬೇಕಾಗಿಲ್ಲ, ಔಷಧವೂ ಆರೈಕೆಯೂ ಇವೆ ಎಂದರು. ಕೂಸು ತಾಯಿಯ ಮುಖ ನೋಡಿಯೇ ಲೋಕ ಕಲಿಯುತ್ತದೆ, ಆ ಮುಖ ತಿಂಗಳುಗಟ್ಟಲೆ ಮುಚ್ಚಿದ್ದರೆ, ಅದರ ಮೇಲೆ ಸಾಕುವ ಕೈಯೂ ಬದಲಾದರೆ, ಅಂಜಿಕೆ ಒಳಗೆ ಕೂರಬಹುದು ಎಂದರು. ಹಾಗಾದರೆ ತಾಯಿಯದು ಮಗಳಿಗೆ ಬಂದೇ ಬರುತ್ತದೆಯೇ ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. ಬಂದೇ ಬರುತ್ತದೆ ಎಂದೇನಿಲ್ಲ, ಬಿಟ್ಟು ಹೋಗದ ಒಬ್ಬರು ಜೊತೆಗಿದ್ದರೆ ಮಕ್ಕಳು ಚೇತರಿಸಿಕೊಳ್ಳುತ್ತಾರೆ, ಆದರೆ ಮುಂದೆ ಆ ಮಗಳು ಹಡೆದಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು ಎಂದರು. ಬಾಣಂತಿಯರಿಗೆ ಕೇಳಲು ಒಂದು ಪ್ರಶ್ನೆಯನ್ನೂ ಕಲಿಸಿಕೊಟ್ಟರು. ಕೂಸು ಮಲಗಿದಾಗ ನಿನಗೆ ನಿದ್ದೆ ಬರುತ್ತದೆಯೇ?

ಶರಣಮ್ಮನಿಗೆ ಹೇಳಿದೆ, ಹೊರಗೆ ಹೋಗುವಾಗ ಎಲ್ಲಿಗೆ, ಯಾವಾಗ ಬರುತ್ತೇನೆ ಎಂದು ಹುಡುಗಿಗೆ ಹೇಳಿಯೇ ಹೋಗು, ಹೇಳಿದ ಹೊತ್ತಿಗೆ ಬಾ. ಆಕೆ ಹಾಗೇ ಮಾಡಿದಳು. ಮೆಲ್ಲಮೆಲ್ಲಗೆ ವಾಂತಿ ನಿಂತಿತು. ಹೊಂಡದ ಮಾತು ಮಾತ್ರ ನಿಲ್ಲಲಿಲ್ಲ. ಅದನ್ನು ನಿಲ್ಲಿಸಬೇಕಾದರೆ ನಾನು ನನ್ನ ತಪ್ಪು ಹೇಳಬೇಕಿತ್ತು. ಹೇಳಲಿಲ್ಲ.

ಭಂಕೂರಕ್ಕೆ ಹೋಗಿ ನೀಲಮ್ಮನ ಎದುರು ಒಮ್ಮೆ ನಿಂತೆ. ತಲೆಯಿಂದ ಕಾಲ ತನಕ ಕಲ್ಲಿನ ಹುಡಿ ಮೆತ್ತಿಕೊಂಡು ಕೆಲಸದಿಂದ ಬಂದಿದ್ದಳು. ಅವತ್ತು ನನ್ನದು ತಪ್ಪಾಯಿತು ಎಂದೆ. ಆಕೆ ಕೈ ತೊಳೆದುಕೊಂಡು ಚಹಾ ಮಾಡಿ ಕೊಟ್ಟಳು. "ಹೇಳ್ಬೇಕಂತ ಬಾಯಿ ತೆರದಿದ್ದೆ ರೀ. ನೀವು ಮಾತಾಡ್ಲಿಕತ್ತಿದ್ರಿ" ಎಂದಳು. ಏನು ಹೇಳಬೇಕಿತ್ತು ಎಂದು ಕೇಳಿದೆ. ಈಗ ಯಾಕ್ರಿ ಎಂದು ಚಹಾ ಕುಡಿದ ಬಸಿ ಎತ್ತಿಕೊಂಡು ಒಳಗೆ ಹೋದಳು.

ಆಮೇಲಿನ ವರ್ಷಗಳಲ್ಲಿ ನನ್ನ ಕೆಲಸದ ರೀತಿ ಬದಲಾಯಿತು. ಬಾಣಂತಿಯ ಪಕ್ಕ ಕೂರುವುದನ್ನು ಕಲಿತೆ. ಇಮಾಂಬಿಯ ಹರಟೆಯೆಲ್ಲ ನನ್ನ ಬಾಯಿಗೆ ಬಂತು, ಅದನ್ನು ಅವಳಿಗೆ ಹೇಳೋಣವೆಂದರೆ ಇಮಾಂಬಿ ಆಗ ಬದುಕಿರಲಿಲ್ಲ. ಕಾರ್ಡಿನ ಅಂಚಿಗೆ ಕೆಂಪು ಪೆನ್ಸಿಲಿನಲ್ಲಿ ನಿದ್ದೆ ಹೇಗಿದೆ, ಮಾತು ಹೇಗಿದೆ ಎಂದು ಬರೆಯತೊಡಗಿದೆ. ವಿಜಿಟರ್ ಬಾಯಿ ನೋಡಿ, ಸರಕಾರಿ ಕಾರ್ಡು ನಿಮ್ಮ ಅಪ್ಪನ ಮನೆಯದೇನು ಎಂದು ಅಳಿಸಿ ಹಾಕಿಸಿದರು. ನಾನು ಬೇರೆ ನೋಟುಬುಕ್ಕು ಇಟ್ಟೆ. ಮಧ್ಯೆ ಮಕ್ಕಳಾಗದಂತೆ ಮಾಡುವ ಆಪರೇಶನ್‌ಗೆ ಕೇಸು ತನ್ನಿ, ಕೇಸು ತನ್ನಿ ಎಂದು ಮೇಲಿನವರು ಜೀವ ತಿಂದ ವರ್ಷಗಳಲ್ಲಿ ಎಷ್ಟು ಬಾಣಂತಿಯರ ಮನೆಯ ಮುಂದೆ ನಿಲ್ಲದೆ ಓಡಿದ್ದೇನೋ, ಅದು ಈಗಲೂ ಚುಚ್ಚುತ್ತದೆ.

ಕರ್ನಾಟಕ ಎಂದು ಹೆಸರಾಗಿ ಎಷ್ಟೋ ವರ್ಷಗಳ ಮೇಲೆ ನಾನು ಮತ್ತೆ ಶಹಾಬಾದಕ್ಕೆ ಬಂದೆ. ಜಗದೇವಿಗೆ ಚಿತ್ತಾಪುರದ ಕಡೆ ಲಗ್ನವಾಗಿ ಆರು ತಿಂಗಳ ಬಸುರಿ ಎಂದು ತಿಳಿಯಿತು. ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ಡಾಕ್ಟರ ಮಾತು ತಲೆಯಲ್ಲಿ ತಿರುಗುತ್ತಿತ್ತು.

ಚೊಚ್ಚಲ ಬಾಣಂತನ, ಮತ್ತೆ ಅದೇ ಪ್ರಶ್ನೆ ಬಂತು: ತವರು ಯಾವುದು? ಶರಣಮ್ಮನಿಗೆ ಕಣ್ಣಿಗೆ ಪೊರೆ ಬಂದು ಒಲೆಯ ಮುಂದೆ ಕೂರಲು ಆಗುತ್ತಿರಲಿಲ್ಲ. ಆಗ ನೀಲಮ್ಮ, ಬಾಣಂತನ ನಾನು ಮಾಡುತ್ತೇನೆ ಎಂದು ಹೇಳಿ ಕಳಿಸಿದಳು. ಎಲ್ಲರೂ ಬೆಚ್ಚಿಬಿದ್ದರು. ತನ್ನ ಕೂಸನ್ನು ಹೊಂಡದ ದಂಡೆಗೆ ಬಿಟ್ಟವಳ ಕೈಗೆ ಇನ್ನೊಂದು ಕೂಸೇ? ಸೇಡಂನಲ್ಲಿ ಶರಣಮ್ಮನ ಮನೆಯಲ್ಲಿ ಬೀಗರು, ಹಿರಿಯರು ಸೇರಿದರು. ಅವತ್ತಿನದು ಗೊತ್ತಿದ್ದವಳು ಎಂದು ನನ್ನನ್ನೂ ಕರೆಸಿದರು. ಜಗದೇವಿ ಬಾಗಿಲಿಗೆ ಒರಗಿ ಕೂತಿದ್ದಳು. ಇನ್ನೂ ಸುಮ್ಮನಿದ್ದರೆ ನಾನು ಮನುಷ್ಯಳೇ ಅಲ್ಲ ಎನಿಸಿತು.

"ಸೋಗು ಅಂದಾಕಿ ನಾ. ಅದು ಖೊಟ್ಟಿ ಮಾತು. ನೀಲಮ್ಮಗ ರೋಗ ಆಗಿತ್ತು, ನನಗ ತಿಳೀಲಿಲ್ಲ. ತಿಳೀಲಾರದಕ್ಕ ಬೈದೆ" ಎಂದೆ.

ಶರಣಮ್ಮ ಮಸುಕುಗಣ್ಣಿನಿಂದ ನನ್ನ ದನಿ ಬಂದ ಕಡೆ ನೋಡಿ, "ಇಷ್ಟು ವರ್ಷ ಆದ ಮ್ಯಾಲ ಹೇಳ್ಲಿಕ ಬಂದೀರೇನ್ರಿ ಬಾಯಿ?" ಎಂದಳು. ಆಗ ಜಗದೇವಿ, ಭಂಕೂರಕ್ಕೆ ಹೋಗುತ್ತೇನೆ, ಆದರೆ ನರ್ಸಬಾಯಿ ದಿನಾ ಬರಬೇಕು ಎಂದಳು.

ಹೆರಿಗೆ ಶಹಾಬಾದದ ದವಾಖಾನೆಯಲ್ಲಿ ಆಯಿತು. ಗಂಡು ಕೂಸು. ನಾನು ಹೇಳಿದಂತೆ ದಿನಾ ಹೋದೆ, ಕೆಲವು ದಿನ ಎರಡು ಸಲ ಹೋದೆ. ನೀಲಮ್ಮ ನೀರು ಕಾಯಿಸುವಳು, ಮಗಳಿಗೆ ಎರೆಯುವಳು, ಬಿಸಿ ರೊಟ್ಟಿ ಬಡಿಯುವಳು. ಕೂಸನ್ನು ಮಾತ್ರ ನೆರೆಮನೆಯ ಮುದುಕಿಯಿಂದ ಎರೆಸುವಳು, ತಾನು ಮುಟ್ಟುತ್ತಿರಲಿಲ್ಲ. ತಾಯಿ ಮಗಳ ನಡುವೆ ಬೇಕು ಬೇಡ ಬಿಟ್ಟರೆ ಮಾತಿಲ್ಲ. ಇಬ್ಬರು ಅಂಜಿದವರನ್ನು ತಂದು ಒಂದೇ ಖೋಲಿಯಲ್ಲಿ ಇಟ್ಟೆನಲ್ಲ, ಇದು ಎರಡನೆಯ ತಪ್ಪೇ ಎಂದು ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ.

ಜಗದೇವಿಗೆ ಗುಳಿಗೆ ಕೊಡಿಸಿದ್ದು, ಗುಲಬರ್ಗಾದ ದೊಡ್ಡ ದವಾಖಾನೆಗೆ ತೋರಿಸಿದ್ದು, ನಾಲ್ಕೈದು ತಿಂಗಳಿಗೆ ಹುಡುಗಿ ಆರಾಮಾಗಿ ಗಂಡನ ಮನೆಗೆ ಹೋದದ್ದು ಎಲ್ಲ ಆಮೇಲಿನ ಮಾತು. ಒಂಬತ್ತನೆಯ ದಿನ ಮುಂಜಾನೆ ನಡೆದದ್ದನ್ನು ಹೇಳದಿದ್ದರೆ ನಾನು ಏನೂ ಹೇಳಿದಂತಾಗುವುದಿಲ್ಲ.

ಜಗದೇವಿ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಎರಡೂ ಕೈ ನೆಲದ ಮೇಲೆ ಊರಿದ್ದಳು. ನಾನು ಪಕ್ಕದಲ್ಲಿ ಕೂತು, ಕೂಸು ಮಲಗಿದಾಗ ನಿದ್ದೆ ಬರುತ್ತದೆಯೇ ಎಂದು ಕೇಳಿದೆ.

"ಬರವಲ್ದು ರೀ. ಕೂಸಿಗಿ ಕೈ ಹಚ್ಚಿದ್ರ ನಾನೇ ಏನರೆ ಮಾಡ್ತೀನೇನೋ ಅನಸ್ಲಿಕತ್ತದ. ನಾನೂ ಒಯ್ದು ಒಗೀತೀನೇನೋ. ನಮ್ಮವ್ವನಂಗ."

ನನಗೆ ಹೇಳಲು ನೂರು ಮಾತು ಬಾಯಿಗೆ ಬಂದವು. ಜೀವನದಲ್ಲಿ ಮೊದಲ ಸಲ ನುಂಗಿಕೊಂಡೆ. ನೀಲಮ್ಮ ಬಿಸಿನೀರಿನ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕೊಡ ಇಳಿಸಿದಳು. ಮಗಳ ಎದುರು ನೆಲದ ಮೇಲೆ ಕೂತಳು.

"ಒಗೀಲಿಲ್ಲವ್ವ ನಾ ನಿನ್ನ. ನನಗೂ ಹಿಂಗೇ ಅನಸ್ತಿತ್ತು. ಅವತ್ತು ಅತ್ತಿ ಹೊರಗ ಹೋಗಿದ್ಳು, ಮನ್ಯಾಗ ನಾವಿಬ್ರೇ ಇದ್ವಿ, ನನ್ನ ಕೈ ಮ್ಯಾಲ ನನಗ ನಂಬಿಕಿ ಇರ್ಲಿಲ್ಲ. ಹೊಂಡದ ಹಾದ್ಯಾಗ ಬುತ್ತಿ ಒಯ್ಯೋ ಹೆಣ್ಮಕ್ಕಳು ಬರ್ತಾರಂತ ಗೊತ್ತಿತ್ತು. ಅವರ ಕಣ್ಣಿಗಿ ಬೀಳಂಗ ಕಲ್ಲ ಮ್ಯಾಲ ಅರಿವಿ ಹಾಸಿ ಇಟ್ಟೆ. ಹೊಂಡಕ್ಕ ಬೀಳ್ಲಿಕ ನಾನೇ ಹೋಗೋದಿತ್ತು. ಆದ್ರ ಅವರು ನಿನ್ನ ಎತ್ಕೊಳ್ಳೋತನ ಹೋಗ್ಲಿಕ ಆಗ್ಲಿಲ್ಲ. ಬೇವಿನ ಗಿಡದ ಬುಡಕ ಕುಂತು ನಿನ್ನೇ ನೋಡ್ಲಿಕತ್ತಿದ್ದೆ."

ಜಗದೇವಿ ತಾಯಿಯ ಮುಖ ನೋಡಿದಳು. ಅಳಲಿಲ್ಲ. ಆಮೇಲೆ ನೆಲದ ಮೇಲಿದ್ದ ಎರಡೂ ಕೈ ಎತ್ತಿ, ಕೂಸನ್ನು ಹಿಡಿದು, ಮುಂದೆ ಚಾಚಿದಳು.

"ಹಂಗಾದ್ರ ನನಗ ನಿದ್ದಿ ಬರೋತನ ನೀ ಹಿಡಿಯವ್ವ" ಎಂದಳು.

ನೀಲಮ್ಮ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು, ಕೂಸನ್ನು ತೆಗೆದುಕೊಂಡಳು.